ಗೆಳೆಯರೆಲ್ಲ ಇನ್‌ಸ್ಟಾಗ್ರಾಂನಲ್ಲಿ ಇರುವಾಗ ನಾನೊಬ್ಬ ಬಿಟ್ಟರೆ ಒಂಟಿಯಾಗುತ್ತೇನಾ?

ಬಿಎಸ್ಸಿ ಎರಡನೇ ವರ್ಷ, ಹಾಸ್ಟೆಲ್ ವಾಸ. ಓದಲು ಕೂತರೆ ಕೈ ಫೋನಿಗೆ ಹೋಗುತ್ತದೆ, ಬಿಟ್ಟರೆ ಗೆಳೆಯರು ದೂರ ಆಗುತ್ತಾರೇನೋ ಅಂತ ಭಯ. ನೀವು ಕೇಳಿದ್ದು ಇಷ್ಟು ತಾನೇ?

ನಾನು ಧಾರವಾಡದಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಓದುತ್ತಿದ್ದೇನೆ. ಡಿಗ್ರಿಯಲ್ಲಿ ಇದ್ದಾಗಲೇ ಇನ್‌ಸ್ಟಾಗ್ರಾಂ ತೆಗೆದು ಹಾಕಿದೆ. ಒಂಟಿಯಾಗಲಿಲ್ಲ. ಕೆಲವು ಗೆಳೆತನಗಳು ಕಳಚಿಕೊಂಡಿದ್ದು ನಿಜ. ಅವು ಸ್ಟೋರಿಗೆ ಬೆಂಕಿ ಎಮೋಜಿ ಒತ್ತುವುದರ ಮೇಲೆ ನಿಂತಿದ್ದವು, ಅಷ್ಟೇ.

ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ದಿನಪತ್ರಿಕೆಗೆ ಕೊನೆಯ ಪುಟ ಇರುತ್ತದೆ, ರೀಲ್ಸ್‌ಗೆ ಇಲ್ಲ. ಎಳೆದಷ್ಟೂ ಬರುವ ಈ ಸ್ಕ್ರಾಲ್ ವಿನ್ಯಾಸವನ್ನು 2006ರಲ್ಲಿ ಮಾಡಿದವರು ಏಝಾ ರಾಸ್ಕಿನ್. ಆಮೇಲೆ ಅವರೇ ಬೇಜಾರು ಮಾಡಿಕೊಂಡು ಬಹಿರಂಗವಾಗಿ ಮಾತಾಡಿದರು. ಇನ್ನೊಂದು, ಒಳ್ಳೆಯ ರೀಲ್ ಯಾವಾಗ ಬರುತ್ತದೆ ಅಂತ ಗೊತ್ತಿರುವುದಿಲ್ಲ. ಕಾಳು ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಪಾರಿವಾಳ ಕೊಕ್ಕಿನಿಂದ ಕುಟ್ಟುವುದನ್ನು ಸುಲಭಕ್ಕೆ ನಿಲ್ಲಿಸುವುದಿಲ್ಲ ಅಂತ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಎಷ್ಟೋ ಹಿಂದೆಯೇ ತೋರಿಸಿದ್ದರು.

"ಬರೀ ಹತ್ತು ನಿಮಿಷ ತಾನೇ" ಅನ್ನುತ್ತಾರೆ. ಹತ್ತು ನಿಮಿಷ ಹೋದರೆ ಹೋಗಲಿ ಬಿಡಿ. ಫೋನ್ ಕೆಳಗಿಟ್ಟ ಮೇಲೂ ತಲೆ ಅಲ್ಲೇ ಸುತ್ತುತ್ತಿರುತ್ತದಲ್ಲ, ನಷ್ಟ ಅಲ್ಲಿದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಅಂತ ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಬರೆದಿದ್ದಾರೆ. ಪುಟ ತಿರುಗಿಸುತ್ತಾ ಇರುತ್ತೇವೆ, ಒಳಗೆ ಏನೂ ಇಳಿಯುವುದಿಲ್ಲ.

ಈಗ ಗೆಳೆಯರ ವಿಷಯ. ನಮ್ಮ ಮೆಸ್‌ನಲ್ಲಿ ರಾತ್ರಿ ಊಟ ಆದ ಮೇಲೆ ಒಬ್ಬ ಹಳೇ ಪೇಪರಿನ ಅಂಚಿನಲ್ಲಿ ಎಸ್‌ಎನ್2 ರಿಯಾಕ್ಷನ್ ಬರೆದ, ಅಂದರೆ ಕಾರ್ಬನ್ನಿಗೆ ಅಂಟಿಕೊಂಡ ಬ್ರೋಮಿನ್‌ನಂಥದ್ದನ್ನು ತಳ್ಳಿ ಅದರ ಬದಲು ಇನ್ನೊಂದು ಬಂದು ಕೂರುವ ಕ್ರಿಯೆ. ಹಿಂದಿನಿಂದ ನ್ಯೂಕ್ಲಿಯೋಫೈಲ್ (ಎಲೆಕ್ಟ್ರಾನ್ ಜೋಡಿ ಕೊಟ್ಟು ಬಂಧ ಕಟ್ಟುವ ಕಣ) ಬರುತ್ತದೆ, ಮುಂದಿನಿಂದ ಬ್ರೋಮಿನ್ ಹೋಗುತ್ತದೆ, ಉಳಿದ ಮೂರು ಬಂಧಗಳು ಗಾಳಿಗೆ ಸಿಕ್ಕ ಕೊಡೆಯ ಹಾಗೆ ಉಲ್ಟಾ ಆಗುತ್ತವೆ. ಇಷ್ಟನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಪಕ್ಕದಲ್ಲಿದ್ದ ಹಾವೇರಿ ಹುಡುಗ ಕೇಳಿದ: "ಹಿಂದಿಂದನ ಯಾಕ ಬರಬೇಕಲೇ? ಮುಂದಿಂದ ಬಂದ್ರ ಏನಾಕ್ಕತಿ?"

ಎಲ್ಲರೂ ಗಪ್‌ಚುಪ್. ಮೆಸ್‌ನವರು ದೀಪ ಆರಿಸುತ್ತೇವೆ ಅಂದರೂ ಏಳಲಿಲ್ಲ. ಕೊನೆಗೆ ಹೊಳೆಯಿತು. ಕಾರ್ಬನ್-ಬ್ರೋಮಿನ್ ಬಂಧದ ಖಾಲಿ ಆಂಟಿಬಾಂಡಿಂಗ್ ಆರ್ಬಿಟಲ್ (ಎಲೆಕ್ಟ್ರಾನ್ ತುಂಬಿದರೆ ಆ ಬಂಧವೇ ಮುರಿಯುವ ಜಾಗ) ಇದೆಯಲ್ಲ, ಅದರ ದೊಡ್ಡ ಭಾಗ ಕಾರ್ಬನ್ನಿನ ಹಿಂಬದಿಗೆ ಚಾಚಿಕೊಂಡಿರುತ್ತದೆ. ನ್ಯೂಕ್ಲಿಯೋಫೈಲ್ ತನ್ನ ಎಲೆಕ್ಟ್ರಾನ್ ಜೋಡಿ ಕೊಡಬೇಕಾದದ್ದು ಅಲ್ಲಿಗೇ. ಹಿಂಬದಿಯಲ್ಲಿ ಮೂರು ದಪ್ಪ ಗುಂಪುಗಳು ಅಡ್ಡ ನಿಂತರೆ ದಾರಿ ಬಂದ್. ಟರ್ಷಿಯರಿ ಕಾರ್ಬನ್, ಅಂದರೆ ಬೇರೆ ಮೂರು ಕಾರ್ಬನ್‌ಗಳಿಗೆ ಅಂಟಿಕೊಂಡ ಕಾರ್ಬನ್, ಎಸ್‌ಎನ್2ಗೆ ಒಗ್ಗದಿರುವುದು ಅದಕ್ಕೇ. ಆ ಹಾವೇರಿಯವನು ಈಗ ನನ್ನ ಆಪ್ತ. ಅವನ ಇನ್‌ಸ್ಟಾಗ್ರಾಂ ಐಡಿ ನನಗೆ ಇವತ್ತಿಗೂ ಗೊತ್ತಿಲ್ಲ.

ಇದೇ ಪಾಠ ಅರವತ್ತು ಸೆಕೆಂಡಿನ ರೀಲ್‌ನಲ್ಲೂ ಸಿಗುತ್ತದೆ ನಿಜ. ನೋಡಿದಾಗ "ಓ, ಗೊತ್ತಾಯ್ತು" ಅನಿಸುತ್ತದೆ. ಆ ಅನಿಸಿಕೆಯನ್ನು ನಾನು ನಂಬುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಐದು ನಿಮಿಷ ಬಿಟ್ಟು ಕೇಳಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ಅವರಿಗೆ ನೆನಪಿದ್ದದ್ದು ಸುಮಾರು 40 ಶೇಕಡಾ. ಒಮ್ಮೆ ಓದಿ, ಪುಸ್ತಕ ಮುಚ್ಚಿ, ಮೂರು ಸಲ ನೆನಪಿನಿಂದ ಬರೆದವರಿಗೆ 61. ಗೆಳೆಯನಿಗೆ ವಿವರಿಸುವಾಗ ನಾವು ಮಾಡುವುದೂ ಅದನ್ನೇ, ಅಲ್ವಾ? ಮೇಲಾಗಿ ಅವನು ಅಡ್ಡಪ್ರಶ್ನೆ ಬೇರೆ ಹಾಕುತ್ತಾನೆ.

ಹಾಗಂತ ಫೋನ್ ಬಿಸಾಕಿ ಅನ್ನುತ್ತಿಲ್ಲ. ಈ "ಡಿಜಿಟಲ್ ಡಿಟಾಕ್ಸ್" ಶೋಕಿ ನನಗೆ ಆಗಿಬರುವುದಿಲ್ಲ, ಅದನ್ನೂ ಸ್ಟೋರಿ ಹಾಕಿಯೇ ಮಾಡುತ್ತಾರೆ. ಕ್ವಾಂಟಂ ಕೆಮಿಸ್ಟ್ರಿ ನನಗೆ ಅರ್ಥ ಆಗಿದ್ದೇ ಯೂಟ್ಯೂಬ್‌ನಲ್ಲಿರುವ ಎನ್‌ಪಿಟಿಇಎಲ್ (ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠ) ವಿಡಿಯೊಗಳಿಂದ. ಆಪ್ ತೆಗೆಯಿರಿ, ಅಕೌಂಟ್ ಇರಲಿ. ಬೇಕಾದರೆ ಭಾನುವಾರ ಬ್ರೌಸರ್‌ನಲ್ಲಿ ನೋಡಿ. ಓದುವಾಗ ಫೋನ್ ಮೇಜಿನ ಮೇಲೆ ಬೇಡ, ರೂಮ್‌ಮೇಟ್ ಹತ್ತಿರ ಕೊಡಿ. ಎಷ್ಟು ಮಾಡಿದರೂ ಹಿಡಿತಕ್ಕೆ ಸಿಗುತ್ತಿಲ್ಲ, ನಿದ್ದೆ ಊಟ ಕೆಡುತ್ತಿದೆ ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಎಂಬ ಕ್ಲಿನಿಕ್ ಇದೆ. ಹೋಗಲು ನಾಚಿಕೆ ಬೇಡ.

ಕ್ಲಾಸಿನ ವಾಟ್ಸಾಪ್ ಗ್ರೂಪ್ ಮಾತ್ರ ಬಿಡಬೇಡಿ ಮಾರಾಯ್ರೆ. ಮ್ಯೂಟ್ ಮಾಡಿ ಸಾಕು. ಇಂಟರ್ನಲ್ಸ್ ದಿನಾಂಕ ಬದಲಾದರೆ ಸುದ್ದಿ ಮೊದಲು ಬರುವುದು ಅಲ್ಲೇ.