ಟೈಲ್ಸ್ ಕೊಯ್ಯುವ ಗ್ರೈಂಡರ್‌ನಲ್ಲಿ ಅಗೇಟು ಕಲ್ಲು ಕೊಯ್ಯಬಹುದಾ? ಮನೆಯಲ್ಲೇ ಹೊಳಪು ಬರಿಸುವುದು ಹೇಗೆ?

ಹೊಳೆದಂಡೆಯಲ್ಲಿ ಆರಿಸಿದ ಅಗೇಟು, ಜಾಸ್ಪರ್ ಕಲ್ಲುಗಳು ಒಂದು ಡಬ್ಬ ತುಂಬ ಇವೆ, ಟೈಲ್ಸ್ ಕೊಯ್ಯುವ ಗ್ರೈಂಡರ್ ಮನೆಯಲ್ಲಿದೆ, ಅದರಲ್ಲೇ ಕೊಯ್ದು ಹೊಳಪು ಕೊಟ್ಟು ಪೆಂಡೆಂಟ್ ಮಾಡಬಹುದಾ ಅಂತ ಕೇಳಿದ್ದೀರಿ. ಮುಷ್ಟಿ ಗಾತ್ರದ ಒಂದು ಚೆಂದದ ಕಲ್ಲಿದೆ, ಮೊದಲು ಅದನ್ನೇ ಕೊಯ್ಯುವ ಆಸೆ ಅಂತಲೂ ಬರೆದಿದ್ದೀರಿ.

ಗ್ರೈಂಡರ್ ಕೆಳಗಿಡಿ. ಮುಷ್ಟಿ ಗಾತ್ರದ ಕಲ್ಲನ್ನು ವಾಪಸ್ ಡಬ್ಬಕ್ಕೆ ಹಾಕಿ. ಈ ಎರಡು ಬಿಟ್ಟರೆ ಉಳಿದದ್ದಕ್ಕೆಲ್ಲ ನನ್ನ ಉತ್ತರ ಹೌದು. ನಾನು ಹನ್ನೊಂದು ವರ್ಷದಿಂದ ಬಚ್ಚಲುಮನೆಯಷ್ಟು ಜಾಗದಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ.

ಮೊದಲು ಧೂಳಿನ ವಿಷಯ. ಅಗೇಟು, ಜಾಸ್ಪರ್ ಎರಡೂ ಬೆಣಚುಕಲ್ಲಿನ ಮನೆತನದವು, ಮೈಯೆಲ್ಲ ಸಿಲಿಕಾ. ಒಣಗಿದ ಕಲ್ಲನ್ನು ಕೊಯ್ದರೆ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ ಏಳುತ್ತದೆ. ಅದು ಶ್ವಾಸಕೋಶದ ತಳಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಅದರಿಂದ ಬರುವ ಕಾಯಿಲೆಗೆ ಸಿಲಿಕೋಸಿಸ್ ಅಂತಾರೆ. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಗುಜರಾತಿನ ಖಂಭಾತ್‌ನಲ್ಲಿ ತಲೆಮಾರುಗಳಿಂದ ಅಗೇಟಿಗೆ ಸಾಣೆ ಹಿಡಿಯುವವರಲ್ಲಿ ಎಷ್ಟೋ ಜನ ಇದರಿಂದ ನರಳಿದ್ದಾರೆ. ಹಾಗಾಗಿ ನೀರಿಲ್ಲದೆ ಕಲ್ಲಿಗೆ ಕೈ ಹಾಕಬೇಡಿ. ಕೆಲಸ ಮುಗಿದ ಮೇಲೆ ಮೇಜಿನ ಮೇಲಿನ ಕೆಸರನ್ನು ಹಸಿಯಾಗಿದ್ದಾಗಲೇ ಒರೆಸಿಬಿಡಿ. ಒಣಗಿದರೆ ಅದೇ ಮತ್ತೆ ಧೂಳು. ಸಿಲಿಕಾ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕವೂ ಇರಲಿ.

ಗ್ರೈಂಡರ್ ಮೇಲೆ ಯಾರಾದರೂ ನೀರು ಹಾಕುತ್ತಾ ನಿಂತರೆ ಸಾಲದಾ ಅಂತ ನಾನೂ ಒಂದು ಕಾಲಕ್ಕೆ ಯೋಚಿಸಿದ್ದೆ. ಕೈಯಲ್ಲಿ ಹಿಡಿದ ಕರೆಂಟಿನ ಮೆಷಿನ್, ಅದರ ಮೇಲೆ ನೀರು. ಬೇಡ ಬಿಡಿ. ಅಲ್ಲದೆ ಅದರ ಬ್ಲೇಡಿನ ಅಂಚು ತುಂಡು ತುಂಡಾಗಿದ್ದರೆ ಕಲ್ಲಿನ ಅಂಚನ್ನು ಚಕ್ಕೆ ಎಬ್ಬಿಸಿ ಹಾಳು ಮಾಡುತ್ತದೆ. ಮೇಜಿನ ಮೇಲೆ ಕೂರುವ, ಕೆಳಗೆ ನೀರಿನ ತೊಟ್ಟಿ ಇರುವ ಗರಗಸ ಸಿಕ್ಕರೆ ಅದು ನಡೆಯುತ್ತದೆ. ಬ್ಲೇಡು ತೆಳ್ಳಗಿರಬೇಕು, ಅಂಚು ಎಲ್ಲೂ ತುಂಡಾಗದೆ ಒಂದೇ ಸಮ ಇರಬೇಕು. ಕರೆಂಟಿನ ಲೈನಿಗೆ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಇನ್ನು, ಡಬ್ಬದಲ್ಲಿ ಇರುವುದೆಲ್ಲ ಅಗೇಟೇನಾ? ಮನೆ ಚಾಕುವಿನಿಂದ ಗೀರಿ ನೋಡಿ. ಕಲ್ಲಿನ ಗಟ್ಟಿತನ ಅಳೆಯುವ, 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಅಗೇಟು, ಜಾಸ್ಪರ್ ಎರಡೂ 6.5ರಿಂದ 7. ಚಾಕುವಿಗೆ ಬಗ್ಗುವುದಿಲ್ಲ, ಬದಲಿಗೆ ಗಾಜಿನ ಮೇಲೆ ಗೀರು ಹಾಕುತ್ತವೆ. ಆಮೇಲೆ ಟಾರ್ಚ್ ಹಿಡಿಯಿರಿ. ತೆಳುವಾದ ಅಂಚಿನಲ್ಲಿ ಬೆಳಕು ಹಾಯ್ದು ಬಂದರೆ ಅಗೇಟು. ಬೆಳಕೇ ಹಾಯದೆ ಕೆಂಪು, ಹಳದಿ, ಹಸಿರು ಬಣ್ಣ ಗಟ್ಟಿಯಾಗಿ ಕೂತಿದ್ದರೆ ಜಾಸ್ಪರ್ ಇರಬಹುದು. ಅದರೊಳಗೆ ಕಬ್ಬಿಣದ ಆಕ್ಸೈಡು, ಜೇಡಿ ಇತ್ಯಾದಿ ಬೆರೆತಿರುತ್ತದೆ, ಅದಕ್ಕೇ ಬೆಳಕು ದಾಟುವುದಿಲ್ಲ. ಮೊದಲ ವರ್ಷ ನಾನು ಒಂದು ಸೊಗಸಾದ ಕೆಂಪು ಜಾಸ್ಪರನ್ನು ಎರಡು ವಾರ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ್ದೆ. ಚಾಕು ತಾಗಿಸಿದ ದಿನ ಗೊತ್ತಾಯಿತು, ಅದು ಹೊಳೆ ನೀರಲ್ಲಿ ಸವೆದು ಗುಂಡಗಾದ ಇಟ್ಟಿಗೆ ಚೂರು.

ಅಗೇಟಿನ ಗೆರೆ ಹೇಗೆ ಬರುತ್ತದೆ ಅಂತ ತಿಳಿದರೆ ಎಲ್ಲಿ ಕೊಯ್ಯಬೇಕು ಅನ್ನುವುದೂ ತಿಳಿಯುತ್ತದೆ. ಲಾವಾ ಆರುವಾಗ ಅದರೊಳಗೆ ಗಾಳಿಗುಳ್ಳೆಗಳು ಸಿಕ್ಕಿಬೀಳುತ್ತವೆ. ಆಮೇಲೆ ಸಿಲಿಕಾ ಕರಗಿದ ನೀರು ಆ ಪೊಳ್ಳಿಗೆ ಇಳಿದು, ಗೋಡೆಗುಂಟ ಪದರ ಪದರವಾಗಿ ಗಟ್ಟಿಯಾಗುತ್ತದೆ. ಪೊಳ್ಳು ಪೂರ್ತಿ ತುಂಬದೆ ಹೋದರೆ ನಡುವೆ ಹರಳುಗಳ ಗುಹೆ ಉಳಿಯುತ್ತದೆ. ನಮ್ಮ ದಖನ್ ಬಸಾಲ್ಟಿಗೆ, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿಗೆ, ಸುಮಾರು 6.6 ಕೋಟಿ ವರ್ಷ. ಅಮೆರಿಕದ ಸುಪೀರಿಯರ್ ಸರೋವರದ ಸುತ್ತಿನ ಲಾವಾಕ್ಕೆ ಸುಮಾರು 110 ಕೋಟಿ. ಎರಡರಲ್ಲೂ ಅಗೇಟು ಇದೆ. ಸುತ್ತಲಿನ ಲಾವಾ ಸವೆದು ಮಣ್ಣಾದರೂ ಒಳಗಿನ ಗಟ್ಟಿ ಗುಂಡು ಉಳಿದುಕೊಂಡು ಹೊಳೆಗೆ ಬರುತ್ತದೆ. ಅಂದಹಾಗೆ, ಅಗೇಟು ಅನ್ನುವ ಹೆಸರೂ ಒಂದು ಹೊಳೆಯದ್ದೇ. ಸಿಸಿಲಿಯ ಅಖಾಟೆಸ್ ನದಿಯಿಂದ ಬಂದದ್ದು.

ಈರುಳ್ಳಿಯನ್ನು ನೆನೆಸಿಕೊಳ್ಳಿ. ಪದರಗಳಿಗೆ ಅಡ್ಡವಾಗಿ ಕೊಯ್ದರೆ ಉಂಗುರಗಳೆಲ್ಲ ಕಾಣುತ್ತವೆ. ಮೇಲ್ಮೈ ಗುಂಟ ಸವರಿದರೆ ಒಂದೇ ಪದರ, ಬೋಳು ಬೋಳು. ಕಲ್ಲನ್ನು ಒದ್ದೆ ಮಾಡಿ, ಗೆರೆ ಯಾವ ಕಡೆ ಹೋಗಿದೆ ನೋಡಿ, ಅದಕ್ಕೆ ಅಡ್ಡವಾಗಿ ಗುರುತು ಹಾಕಿ. ಗುರುತಿಗೆ ಅಲ್ಯೂಮಿನಿಯಂ ಕಡ್ಡಿ ಒಳ್ಳೆಯದು, ಸ್ಕೆಚ್ ಪೆನ್ನಿನ ಗೆರೆ ನೀರಿಗೆ ಹೋಗಿಬಿಡುತ್ತದೆ.

ಈ ಗರಗಸಕ್ಕೆ ಹಾಕುವುದು ವಜ್ರದ ಬ್ಲೇಡು, ಅದಕ್ಕೆ ಹಲ್ಲು ಇರುವುದಿಲ್ಲ. ಅಂಚಿನಲ್ಲಿ ಕೂತ ವಜ್ರದ ಪುಡಿ ಕಲ್ಲನ್ನು ಉಜ್ಜಿ ಉಜ್ಜಿ ದಾರಿ ಮಾಡುತ್ತದೆ. ಆದ್ದರಿಂದ ತಳ್ಳಬೇಡಿ, ಅದರ ಪಾಡಿಗೆ ಬಿಡಿ. ಗುಂಡಗಿರುವ ಕಲ್ಲನ್ನು ಬರಿಗೈಯಲ್ಲಿ ಹಿಡಿದು ಕೊಯ್ಯುವುದಂತೂ ಬೇಡವೇ ಬೇಡ. ನನ್ನ ಮೊದಲ ಬ್ಲೇಡು ಹಾಳಾದದ್ದು ಹಾಗೆಯೇ. ಅರ್ಧ ಕೊಯ್ದಿತ್ತು, ಕಲ್ಲು ಅಂಗೈಯಲ್ಲಿ ಒಂದಿಷ್ಟು ಹೊರಳಿತು, ಬ್ಲೇಡು ಕಚ್ಚಿಕೊಂಡು ತಟ್ಟೆಯ ಹಾಗೆ ಬಾಗಿತು. ಬೆರಳು ಉಳಿದದ್ದು ಪುಣ್ಯ. ಗುಂಡು ಕಲ್ಲನ್ನು ಹಿಡಿಕೆಯಲ್ಲಿ ಬಿಗಿಯಬೇಕು, ಇಲ್ಲವೇ ಮರದ ತುಂಡಿಗೆ ಅಂಟಿಸಿಕೊಳ್ಳಬೇಕು. ಪೆಂಡೆಂಟಿಗೆ 5-6 ಮಿಲಿಮೀಟರ್ ದಪ್ಪದ ಹೋಳು ಸಾಕು.

ಈಗ ಹೊಳಪು. ಹೊಸಬರೆಲ್ಲ ಕೇಳುವುದು ಕೊನೆಗೆ ಹಾಕುವ ಪಾಲಿಶ್ ಪುಡಿ ಯಾವುದು ಅಂತ. ಆದರೆ ಹೊಳಪು ಬರುತ್ತದಾ ಇಲ್ಲವಾ ಅನ್ನುವುದು ಮೊದಲಿನ ಒರಟು ಹಂತದಲ್ಲೇ ತೀರ್ಮಾನ ಆಗಿಬಿಟ್ಟಿರುತ್ತದೆ.

ಹೋಳನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಬೆನ್ನಿಗೆ ಅರಗು ಹಾಕಿ ಒಂದು ಕಡ್ಡಿಯ ತುದಿಗೆ ಅಂಟಿಸುತ್ತೇವೆ. ಆಮೇಲೆ 80ರ ಒರಟು ಸಾಣೆ ಚಕ್ರದಲ್ಲಿ ಗುಮ್ಮಟದ ಆಕಾರ. ನಂತರ 220, 600, 1200, 3000. ಸಂಖ್ಯೆ ಜಾಸ್ತಿ ಆದಷ್ಟೂ ಚಕ್ರ ನುಣುಪು. 80 ಎಬ್ಬಿಸಿದ ಗೀರನ್ನು 220 ಪೂರ್ತಿ ಅಳಿಸಬೇಕು, 220ರದ್ದನ್ನು 600. ನಡುವೆ ಒಂದು ಆಳದ ಗೀರು ತಪ್ಪಿಸಿಕೊಂಡರೆ ಮುಂದಿನ ಚಕ್ರಗಳಿಂದ ಅದನ್ನು ತೆಗೆಯಲಾಗದು. ಅವು ಗೀರಿನ ಅಂಚನ್ನು ಮಾತ್ರ ಹೊಳೆಸುತ್ತವೆ.

ಇದು ನನಗೆ ತಲೆಗೆ ಹತ್ತಿದ್ದು ಒಂದು ಕಂದು ಜಾಸ್ಪರಿನಿಂದ. ರಾತ್ರಿ ಹನ್ನೊಂದಕ್ಕೆ ಪಾಲಿಶ್ ಮುಗಿಸಿದಾಗ ಕನ್ನಡಿಯ ಹಾಗಿತ್ತು. ಬೆಳಗ್ಗೆ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದೆ. ನೆತ್ತಿಯ ಮೇಲೆ ಎರಡು ಗೀರು, ಕೂದಲೆಳೆಯಷ್ಟು, ಪಕ್ಕ ಪಕ್ಕ, ರೈಲು ಹಳಿ ತರಹ. 80ರಲ್ಲಿ ಬಿದ್ದವು. ಮೂರು ಸಂಜೆಯ ಕೆಲಸ ನೀರುಪಾಲು, ಮತ್ತೆ 220ರಿಂದ ಶುರು.

ಕಾರಣ ಏನು ಗೊತ್ತಾ? ಕೆಲಸ ಮಾಡುವಷ್ಟು ಹೊತ್ತೂ ಕಲ್ಲು ಒದ್ದೆ ಇರುತ್ತದೆ. ನೀರು ಗೀರುಗಳಲ್ಲಿ ತುಂಬಿಕೊಂಡು ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಒದ್ದೆ ಕಲ್ಲು ಸುಳ್ಳು ಹೇಳುತ್ತದೆ. ಪ್ರತಿ ಹಂತ ಮುಗಿದಾಗಲೂ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಒಂದು ನಿಮಿಷ ಆರಲು ಬಿಟ್ಟು, ದೀಪದ ಕೆಳಗೆ ಓರೆಯಾಗಿ ತಿರುಗಿಸಿ ನೋಡಿ. ಇನ್ನೊಂದು ಉಪಾಯವೂ ಇದೆ. ಹಂತ ಬದಲಾದಾಗ ಉಜ್ಜುವ ದಿಕ್ಕನ್ನೂ ಬದಲಾಯಿಸಿ. ಹಳೇ ಗೀರುಗಳು ಅಡ್ಡಡ್ಡ ಎದ್ದು ಕಾಣುತ್ತವೆ. ನಾನು ಈಗಲೂ ಒಟ್ಟು ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ಎರಡು ಹಂತದಲ್ಲೇ ಕಳೆಯುತ್ತೇನೆ. ಹಂತದಿಂದ ಹಂತಕ್ಕೆ ಹೋಗುವಾಗ ಕೈ, ಕಲ್ಲು, ಉಗುರು ಎಲ್ಲ ತೊಳೆಯಿರಿ. 80ರ ಒಂದೇ ಒಂದು ಕಾಳು 3000ದ ಚಕ್ರಕ್ಕೆ ಹೋದರೆ ಸಾಕು.

ಕೊನೆಯ ಪಾಲಿಶ್ ನಿಜಕ್ಕೂ ಸುಲಭ. ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಕಲಸಿ ಚರ್ಮದ ಮೇಲೆ ಸವರಿ ಉಜ್ಜಬೇಕು. ಚರ್ಮ ಇನ್ನೇನು ಒಣಗುತ್ತಿದೆ ಅನ್ನುವಾಗ ಕಲ್ಲನ್ನು ಕೈಯಿಂದ ಎಳೆದ ಹಾಗಾಗುತ್ತದೆ. ಹೊಳಪು ಏಳುವುದು ಆಗಲೇ. ಬಿಸಿಯಾಗಲು ಮಾತ್ರ ಬಿಡಬೇಡಿ. ಅರಗು ಕರಗಿ ಕಲ್ಲು ಹಾರುತ್ತದೆ, ಇಲ್ಲವೇ ಕಲ್ಲೇ ಬಿರಿಯುತ್ತದೆ. ಜಾಸ್ಪರ್ ಇಲ್ಲಿ ಸ್ವಲ್ಪ ಹಟಮಾರಿ. ಅದರೊಳಗಿನ ಮೆತ್ತನೆಯ ಭಾಗ ಬೇಗ ಸವೆದು ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗಾಗುತ್ತದೆ. ಒತ್ತದೆ ಹಗುರವಾಗಿ ಉಜ್ಜುವುದು, ವಜ್ರದ ಪೇಸ್ಟ್ ಬಳಸುವುದು, ಇಷ್ಟೇ ನನಗೆ ಫಲ ಕೊಟ್ಟ ದಾರಿ. ಕೆಲವು ಜಾಸ್ಪರ್ ಏನು ಮಾಡಿದರೂ ಬಗ್ಗುವುದಿಲ್ಲ, ಬಿಟ್ಟುಬಿಡಿ.

ಇಷ್ಟೆಲ್ಲ ಮೆಷಿನ್ ಈಗಲೇ ಕೊಳ್ಳಬೇಡಿ. ಕಾರಿನ ಪೇಂಟ್ ಕೆಲಸಕ್ಕೆ ಬಳಸುವ ಕಪ್ಪು ವಾಟರ್ ಪೇಪರ್ ಇದೆಯಲ್ಲ, ಅದರಲ್ಲಿರುವುದು ಸಿಲಿಕಾನ್ ಕಾರ್ಬೈಡ್, ಅಗೇಟಿಗಿಂತ ಗಟ್ಟಿ. 120, 220, 400, 600, 1000, 2000ರ ಒಂದೊಂದು ಹಾಳೆ ತನ್ನಿ. ಒಂದು ಕಡೆ ಚಪ್ಪಟೆ ಇರುವ ಸಣ್ಣ ಕಲ್ಲು ಆರಿಸಿ. ಗಾಜಿನ ಮೇಲೆ ಪೇಪರ್ ಹಾಸಿ, ನೀರು ಚಿಮುಕಿಸಿ, ಉಜ್ಜಿ. ಕೆಲವು ಸಂಜೆ ಹಿಡಿಯುತ್ತದೆ, ಹೆಬ್ಬೆರಳು ನೋಯುತ್ತದೆ. ಆದರೆ ಯಾವ ಹಂತದಲ್ಲಿ ಕಲ್ಲು ಹೇಗೆ ಕಾಣಬೇಕು ಅನ್ನುವುದು ಹೀಗೆ ಕಲಿತಷ್ಟು ಚೆನ್ನಾಗಿ ಮೆಷಿನ್ನಲ್ಲಿ ಕಲಿಯಲಾಗದು. ಉಳಿದ ಉಂಡೆಕಲ್ಲುಗಳಿಗೆ ಟಂಬ್ಲರ್ ಸಾಕು, ಅಂದರೆ ಕಲ್ಲು, ಸಾಣೆ ಪುಡಿ, ನೀರು ತುಂಬಿದ ಡಬ್ಬವನ್ನು ಉರುಳಿಸುತ್ತಲೇ ಇರುವ ಮೆಷಿನ್. ಮುಕ್ಕಾಲು ಭಾಗ ಕಲ್ಲು ತುಂಬಿಸಿ, ನಾಲ್ಕು ಹಂತ, ಹಂತಕ್ಕೆ ಸುಮಾರು ಒಂದು ವಾರ. ಅದರ ಕೆಸರನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ನನ್ನ ಮನೆಯವರನ್ನು ಕೇಳಿದರೆ ಪೂರ್ತಿ ಕಥೆ ಹೇಳುತ್ತಾರೆ.

ಕೊಯ್ದ ಹೋಳುಗಳನ್ನು ದುಡ್ಡು ಕೊಟ್ಟು ತರಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಕಣ್ಣು ಕೋರೈಸುವ ನೀಲಿ, ಗುಲಾಬಿ, ನೇರಳೆ ಗೆರೆಗಳ ಅಗೇಟು ಬಹುಪಾಲು ಬಣ್ಣ ಕುಡಿಸಿದ್ದು. ನಾನೂ ಒಮ್ಮೆ ಸಹಜ ಬಣ್ಣ ಅಂತ ನಂಬಿ ಆರು ನೀಲಿ ಹೋಳು ತಂದಿದ್ದೆ. ಬಣ್ಣ ಹಾಕುವುದೇ ತಪ್ಪು ಅಂತಲ್ಲ, ಅದೊಂದು ಹಳೇ ವಿದ್ಯೆ. ಜರ್ಮನಿಯ ಇಡಾರ್ ಓಬರ್‌ಸ್ಟೈನ್‌ನಲ್ಲಿ ಸ್ಥಳೀಯ ಕಲ್ಲು ಮುಗಿಯುತ್ತಾ ಬಂದು, 1834ರ ಹೊತ್ತಿಗೆ ಬ್ರೆಜಿಲ್‌ನಿಂದ ಬೂದು ಅಗೇಟು ಹಡಗಿನಲ್ಲಿ ಬರತೊಡಗಿತು. ಅದಕ್ಕೆ ಬಣ್ಣ ಕೊಡುವುದರಲ್ಲಿ ಅಲ್ಲಿನ ಸಾಣೆಗಾರರು ಪಳಗಿದರು. ಕಪ್ಪು ಬೇಕಾದರೆ ಕಲ್ಲನ್ನು ಸಕ್ಕರೆ ನೀರಲ್ಲಿ ನೆನೆಸಿ, ಆಮೇಲೆ ಗಂಧಕಾಮ್ಲದಲ್ಲಿ ಇಡುತ್ತಾರೆ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತ ಸಕ್ಕರೆ ಕರಿ ಆಗುತ್ತದೆ. ಮನೆಯಲ್ಲಿ ಮಾಡಲು ಹೋಗಬೇಡಿ ಮತ್ತೆ.

ಇನ್ನು ಆ ಮುಷ್ಟಿ ಗಾತ್ರದ ಕಲ್ಲು. ಸಣ್ಣವು ಹತ್ತು ಮುಗಿಯಲಿ, ಆಮೇಲೆ ಅದನ್ನು ಹೊರಗೆ ತೆಗೆಯಿರಿ. ಒದ್ದೆ ಮಾಡಿ, ಟಾರ್ಚ್ ಹಿಡಿದು, ಎಲ್ಲಿ ಕೊಯ್ಯಬೇಕು ಅಂತ ಗೆರೆ ಎಳೆದು ಕಣ್ಣಿಗೆ ಬೀಳುವ ಕಡೆ ಒಂದು ವಾರ ಇಡಿ. ಆ ವಾರದಲ್ಲಿ ಗೆರೆಯನ್ನು ಎರಡು ಮೂರು ಸಲವಾದರೂ ಅಳಿಸಿ ಬೇರೆ ಕಡೆ ಎಳೆಯುತ್ತೀರಿ, ನೋಡಿ.