ಗ್ರೀಕರ ಲೋಕ ಎಲ್ಲಿಯವರೆಗೆ?
ಭೂಮಿ ಚಪ್ಪಟೆ, ಸುತ್ತಲೂ ಸಮುದ್ರ ಅಂತಲೇ ಗ್ರೀಕರು ಕೊನೆವರೆಗೂ ನಂಬಿದ್ದರಾ ಅಂತ ಕೇಳಿದ್ದೀರಿ. ಇಲ್ಲ. ಗ್ರೀಕರ ಆದಿ ಮಹಾಕವಿ ಹೋಮರನ ಕಲ್ಪನೆ ಹಾಗಿತ್ತು, ನಿಜ. ಆದರೆ ಕ್ರಿ.ಪೂ. 5ನೇ ಶತಮಾನದಲ್ಲೇ ಇತಿಹಾಸಕಾರ ಹೆರೊಡೋಟಸ್, ನಕ್ಷೆಯಲ್ಲಿ ಕೈವಾರದಿಂದ ಗೀಚಿದ ಹಾಗೆ ಭೂಮಿಯನ್ನು ತಟ್ಟೆಯಂತೆ ದುಂಡಗೆ ಬರೆದು ಸುತ್ತಲೂ ಸಾಗರ ಹರಿಸುವವರನ್ನು ಕಂಡರೆ ನಗು ಬರುತ್ತದೆ ಅಂತ ಬರೆದ. ಭಾರತದ ಆಚೆ ಬರೀ ಮರುಭೂಮಿ, ಅಲ್ಲೇನಿದೆಯೋ ಯಾರೂ ಹೇಳಲಾರರು ಅಂದ. ಸುಮ್ನೆ ಕತೆ ಕಟ್ಟದೆ ಹಾಗೆ ಒಪ್ಪಿಕೊಂಡಿದ್ದು ನನಗೆ ತುಂಬಾ ಇಷ್ಟ. ಕ್ರಿ.ಪೂ. 3ನೇ ಶತಮಾನದ ಭೂಗೋಳ ವಿದ್ವಾಂಸ ಎರಟೋಸ್ತನೀಸ್‌ಗೆ ಭೂಮಿ ಗೋಳ. 'ಒಯ್ಕುಮೆನೆ', ಅಂದರೆ ಜನ ವಾಸಿಸುವ ನೆಲ, ಅದರ ಮೇಲಿನ ಒಂದು ದ್ವೀಪ. ಹೆಗಲಿಗೆ ಹೊದೆಯುವ ಮೇಲುವಸ್ತ್ರವನ್ನು ಹಾಸಿದ ಆಕಾರ, ಅಗಲಕ್ಕಿಂತ ಉದ್ದ ಎರಡು ಪಟ್ಟಿಗೂ ಜಾಸ್ತಿ. ಕ್ರಿ.ಶ. 2ನೇ ಶತಮಾನದ ಭೂಗೋಳ ವಿದ್ವಾಂಸ ಟಾಲೆಮಿಯ ಊರುಗಳ ಪಟ್ಟಿಯಲ್ಲಂತೂ ನಮ್ಮ ಬನವಾಸಿಯೂ ಇದೆ.