ಮುಲೇನ್ ಎಲೆ ಮಿಕ್ಸಿಗೆ ಹಾಕಿದ್ರೆ ಗಂಟಲು ಕೆರೆತ – ಪ್ರತಿಕ್ರಿಯೆ

ಸೇದೋಕೆ ಅಂತ ಮುಲೇನ್ ಎಲೆ ಮಿಕ್ಸಿಗೆ ಹಾಕಿ ಪುಡಿ ಮಾಡ್ದೆ, ಹೊಗೆ ಎಳೆದ್ರೆ ಗಂಟಲು ಕೆರೆಯುತ್ತೆ ಅಂದ್ರಲ್ಲ, ಎಡವಟ್ಟಾಗಿದ್ದು ಅಲ್ಲೇ ನೋಡಿ. ಮುಲೇನ್ ಎಲೆ ಮೇಲೆಲ್ಲಾ ಸಣ್ಣ ರೋಮ ಇರುತ್ತೆ (ಹಿಮಾಲಯದ ಕಡೆ ಬೆಳೆಯೋ ಗಿಡ ಇದು, ಹಿಂದೀಲಿ ಗೀದಡ್ ತಮಾಕು ಅಂತಾರೆ), ಪುಡಿ ಮಾಡಿದ್ರೆ ಅದೇ ಧೂಳಾಗಿ ಬಾಯಿಗೆ ಬರೋದು. ಮೊದ್ಲು ನಡುವಿನ ದಪ್ಪ ನರ, ತೊಟ್ಟು ಕಿತ್ತುಹಾಕಿ, ಆಮೇಲೆ ಎರಡು ಅಂಗೈ ಮಧ್ಯೆ ಇಟ್ಕೊಂಡು ಮೆಲ್ಲಗೆ ಉಜ್ಜಿ, ಹಿಂಜಿದ ಹತ್ತಿ ತರ ಉಬ್ಬಿಕೊಳ್ಳುತ್ತೆ. ಮೂಗಿಗೆ ಬಟ್ಟೆ ಕಟ್ಕೊಳ್ಳಿ, ನಾನು ಮೊದಲ ಸಲ ಹಾಗೇ ಕೂತು ಅರ್ಧ ಗಂಟೆ ಸೀನಿದ್ದೆ. ರವೆ ಜರಡೀಲಿ ಆಡಿಸಿ, ಕೆಳಗೆ ಬಿದ್ದ ಧೂಳು ಬಿಸಾಕಿ, ಮೇಲೆ ಉಳಿದಿದ್ದು ಬೇಕಾಗಿದ್ದು.

ತುಂಬಾ ಒಣಗಿದ್ರೆ ಸ್ಪ್ರೇ ಬಾಟಲಲ್ಲಿ ಒಂದೆರಡು ಸಲ ನೀರು ಹೊಡೆದು ಡಬ್ಬೀಲಿ ಒಂದು ರಾತ್ರಿ ಮುಚ್ಚಿಡಿ, ನೀರು ಜಾಸ್ತಿ ಆದ್ರೆ ಬೂಸ್ಟು ಬರುತ್ತೆ, ಬಂದ್ರೆ ಪೂರ್ತಿ ಎಸೀರಿ. ಇನ್ನೊಂದು, ನಿಕೋಟಿನ್ ಇಲ್ಲ ಅಂತ ಸೇಫ್ ಅನ್ಕೋಬೇಡಿ, ಯಾವ ಎಲೆ ಸುಟ್ರೂ ಟಾರು, ಕಾರ್ಬನ್ ಮಾನಾಕ್ಸೈಡ್ ಬಂದೇ ಬರುತ್ತೆ. ಪುದೀನ ಸೇರಿಸೋದಾದ್ರೆ ಚಿಟಿಕೆ ಸಾಕು, ಮುಲೇನ್‌ಗೆ ಸ್ವಂತ ರುಚಿ ಅಷ್ಟಿಲ್ಲ, ಪುದೀನಾನೇ ಮೇಲುಗೈ ಆಗ್ಬಿಡುತ್ತೆ.